ಹಲ್ಲಿನಲ್ಲಿ ಕೇಳುವ ಗಿಟಾರು

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ತ್ಯಾಂಪಣ್ಣ ಅಂಗಡಿಯ ಶಟರನ್ನು ಮೊಣಕಾಲಿನವರೆಗೆ ಮಾತ್ರ ಎತ್ತಿದ್ದರು. ಒಳಗೆ ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಂಗಾತ ಮಲಗಿಸಿದ ಗಿಟಾರು. ಗೇಣುದ್ದದ ಬಿದಿರಿನ ಕಡ್ಡಿಯ ಒಂದು ತುದಿಯನ್ನು ಅವರು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಗಿಟಾರಿನ ಮೇಲಿನ ಹಲಗೆಗೆ ಊರಿದರು. ತೋರುಬೆರಳಿನಿಂದ ಹಲಗೆಯನ್ನು ಮೆಲ್ಲಗೆ ಬಡಿದರು. ಕಡ್ಡಿಯನ್ನು ಎರಡು ಬೆರಳು ಈಚೆಗೆ ಸರಿಸಿ ಮತ್ತೆ ಬಡಿದರು. ಮೂರನೆಯ ಸಲ ಬಡಿಯುವಾಗ ಶಟರಿನ ಕೆಳಗೆ ಒಂದು ಜೊತೆ ಕಾಲು, ಆಮೇಲೆ ಒಂದು ಆಂಪ್ಲಿಫೈಯರ್, ಅದರ ಹಿಂದೆ ಬಗ್ಗಿದ ಒಂದು ತಲೆ ಕಾಣಿಸಿತು. ತ್ಯಾಂಪಣ್ಣ ಕಡ್ಡಿಯನ್ನು ಬಾಯಿಂದ ತೆಗೆದು ಅದರಿಂದ ಬೆನ್ನು ತುರಿಸಿಕೊಂಡರು.

ಬಂದವರು ಕಬಕದ ಬದಿಯ ಭಜನಾ ಮಂಡಳಿಯೊಂದರ ಕಾರ್ಯದರ್ಶಿ ದುಗ್ಗಪ್ಪ. ಅವರ ಆಂಪ್ಲಿಫೈಯರಿನಿಂದ ಹಿಂದಿನ ದಿನ ಹೊಗೆ ಬಂದಿತ್ತು. ಸಂಜೆಗೆ ಮತ್ತೆ ಭಜನೆ ಇತ್ತು. ರಿಪೇರಿ ಆಗುವವರೆಗೆ ಇಲ್ಲೇ ಕೂರುತ್ತೇನೆ ಎಂದು ಅವರು ಸ್ಟೂಲು ಎಳೆದುಕೊಂಡರು. ಮಧ್ಯಾಹ್ನ ಒಂದರವರೆಗೂ ಕೂತಿದ್ದರು. ಆ ಹೊತ್ತಿನಲ್ಲಿ ಆಂಪ್ಲಿಫೈಯರ್ ಸರಿಯಾಯಿತು, ಗಿಟಾರಿನ ಕೆಲಸವೂ ಮುಗಿಯಿತು. ಆದರೆ ಬಿದಿರಿನ ಕಡ್ಡಿ ಮತ್ತೆ ಹಲ್ಲಿಗೆ ಹೋಗಲಿಲ್ಲ. ಇನ್ನೊಬ್ಬರು ನೋಡುವಾಗ ತ್ಯಾಂಪಣ್ಣ ಆ ಕಡ್ಡಿಯನ್ನು ಕಚ್ಚುವುದಿಲ್ಲ.

ಪುತ್ತೂರಿನ ದರ್ಬೆಯಲ್ಲಿ, ಮುಖ್ಯ ರಸ್ತೆಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಅವರ ಅಂಗಡಿ. ಹೊರಗಿನ ಬೋರ್ಡಿನಲ್ಲಿ ‘ಸೌಂಡ್ ರಿಪೇರಿ’ ಎಂದಷ್ಟೇ ಇದೆ. ಮಿಕ್ಸರ್, ಆಂಪ್ಲಿಫೈಯರ್, ಮೈಕು, ಶ್ರುತಿಪೆಟ್ಟಿಗೆ ಎಲ್ಲ ಬರುತ್ತವೆ. ಎಂಟು ವರ್ಷದಿಂದ ಗಿಟಾರುಗಳೂ ಬರುತ್ತಿವೆ. ಕರೆಂಟಿನ ಸಂಬಂಧವಿಲ್ಲದ ಸಾದಾ ಗಿಟಾರನ್ನು ಸ್ಪೀಕರಿಗೆ ಜೋಡಿಸಬೇಕೆಂದರೆ ಎದುರಿಗೆ ಮೈಕ್ ಇಡಬೇಕು. ನುಡಿಸುವವರು ಸ್ವಲ್ಪ ಅಲುಗಾಡಿದರೆ ಸದ್ದು ಹೋಗುತ್ತದೆ, ಮೈಕು ಹೆಚ್ಚು ಹತ್ತಿರ ಬಂದರೆ ಕೂಗುತ್ತದೆ. ಅದಕ್ಕೆ ಬದಲಾಗಿ ಗಿಟಾರಿನ ಒಳಗೆ, ತಂತಿಗಳು ಕೂರುವ ಬ್ರಿಜ್ಜಿನ ಅಡಿಯಲ್ಲಿ, ನಾಣ್ಯದಷ್ಟು ಅಗಲದ ಮೂರು ಬಿಲ್ಲೆಗಳನ್ನು ಅಂಟಿಸುತ್ತಾರೆ. ಬಿಲ್ಲೆಗಳು ಗಾಳಿಯಲ್ಲಿ ಬರುವ ಸದ್ದಿಗೆ ಕಾಯುವುದಿಲ್ಲ. ಮರದ ನಡುಕವನ್ನೇ ಹಿಡಿದು ತಂತಿಯ ಮೂಲಕ ಹೊರಗೆ ಕೊಡುತ್ತವೆ. ಅಂಗಡಿಗೆ ಬರುವ ಎಲ್ಲರೂ ಅದನ್ನು ಪಿಕಪ್ ಎನ್ನುತ್ತಾರೆ.

ಹೇಳಲು ಸುಲಭ. ಗಿಟಾರಿನ ಹೊಟ್ಟೆಯ ತೂತಿನಲ್ಲಿ ಕೈ ತೂರಿಸಿ, ಕಾಣದ ಜಾಗದಲ್ಲಿ ಬಿಲ್ಲೆ ಕೂರಿಸಬೇಕು. ಮೊದಲು ಅಂಟುಮಣ್ಣಿನಿಂದ ತಾತ್ಕಾಲಿಕವಾಗಿ ಹಚ್ಚಿ, ತಂತಿ ಮೀಟಿ ನೋಡಿ, ಅಲ್ಲಿಂದ ಇಲ್ಲಿಗೆ ಸರಿಸಿ, ಜಾಗ ಖಾತ್ರಿಯಾದ ಮೇಲೆ ಗೋಂದು. ಕಾಲಂಗುಲ ಆಚೆ ಹೋದರೆ ದಪ್ಪ ತಂತಿಗಳು ಮುಂದೆ ಬಂದು ಸಣ್ಣ ತಂತಿಗಳು ಹಿಂದೆ ಉಳಿಯುತ್ತವೆ. ಆಮೇಲೆ ಗಿಟಾರಿನ ಬುಡದಲ್ಲಿ, ಬೆಲ್ಟ್ ಸಿಕ್ಕಿಸುವ ಗುಂಡಿ ಇರುವಲ್ಲಿ, ವಯರು ಚುಚ್ಚುವ ಜಾಕಿಗಾಗಿ ತೂತು ದೊಡ್ಡದು ಮಾಡಬೇಕು. ತ್ಯಾಂಪಣ್ಣ ಅಲ್ಲಿಗೆ ಕಾಗದದ ಟೇಪು ಸುತ್ತಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಪಾಲಿಶಿನ ಪದರ ಕೆರೆದು, ಆಮೇಲೆ ಸರಿಯಾಗಿ ತಿರುಗಿಸುತ್ತಾರೆ. ಇದುವರೆಗೆ ಒಂದು ಗಿಟಾರಿನ ಪಾಲಿಶೂ ಎದ್ದಿಲ್ಲ.

ಇವೆಲ್ಲಕ್ಕಿಂತ ಮೊದಲು ಅವರು ಹಲಗೆಯನ್ನು ಕಡ್ಡಿಯಿಂದ ಕೇಳುತ್ತಾರೆ. ಒಳಗಿನ ಅಡ್ಡಪಟ್ಟಿಗಳಲ್ಲಿ ಯಾವುದಾದರೂ ಬಿಟ್ಟಿದೆಯೋ, ಹಲಗೆ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಹಲ್ಲಿಗೆ ಗೊತ್ತಾಗುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ.

ತ್ಯಾಂಪಣ್ಣನಿಗೆ ಈಗ ಅರುವತ್ತೊಂದು. ಹುಟ್ಟಿದ್ದು ಸುಳ್ಯದ ಹತ್ತಿರ. ಹದಿನೆಂಟನೇ ವಯಸ್ಸಿಗೆ ಪುತ್ತೂರಿನ ಒಬ್ಬರ ಮೈಕ್ ಸೆಟ್ಟಿನ ಜೊತೆ ಸೇರಿದರು. ಇಪ್ಪತ್ತನಾಲ್ಕು ವರ್ಷ ಮದುವೆ, ಯಕ್ಷಗಾನ, ಚುನಾವಣೆಯ ಭಾಷಣ ಎಂದು ಊರೂರು ತಿರುಗಿದರು. ಮದುವೆಗಳಿಗೆ ಹೋಗಿ ಹೋಗಿ ತನ್ನ ಮದುವೆ ಮರೆತುಹೋಯಿತು ಎಂದು ಮೊದಲೆಲ್ಲ ತಮಾಷೆ ಮಾಡುತ್ತಿದ್ದರು. ಈಗ ಆ ತಮಾಷೆ ಮಾಡುವುದಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಅಕ್ಕ ದಮಯಂತಿ ಕಡಬದಲ್ಲಿದ್ದಾರೆ. ಅವರಿಗೆ ಎರಡೂ ಮೊಣಕಾಲು ನೋವು. ಮನೆಯ ಮೆಟ್ಟಿಲು ಇಳಿಯದೆ ಒಂದು ವರ್ಷವಾಗಿದೆ. ಮೊದಲು ಅಕ್ಕ ತಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನ ಸ್ವರ ಸಣ್ಣದು. ಎಂತ, ಎಂತ ಎಂದು ಎಷ್ಟು ಸಲ ಕೇಳುವುದು ಎಂದು ತ್ಯಾಂಪಣ್ಣ ಫೋನ್ ಎತ್ತುವುದನ್ನು ಕಡಿಮೆ ಮಾಡಿದರು.

ಕಿವಿ ಮಂದವಾಗಿದ್ದು ಒಂದೇ ದಿನದಲ್ಲಲ್ಲ. ಮೊದಲು ಹಕ್ಕಿಗಳು ಹೋದವು. ಆಮೇಲೆ ಪಾತ್ರೆಯಲ್ಲಿ ಅನ್ನ ಕುದಿಯುವ ಸದ್ದು, ಹಿಂದಿನಿಂದ ಕರೆಯುವವರ ಸ್ವರ. ಸ್ಪೀಕರುಗಳ ಪಕ್ಕ ಕೂತದ್ದರಿಂದ ಆದದ್ದು ಎಂದೇ ಅವರು ನಂಬಿದ್ದರು. ಕಳೆದ ಜನವರಿಯಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದಾಗ ವೈದ್ಯರು ಬೇರೆ ಕಾರಣ ಹೇಳಿದರು. ಕಿವಿಯ ಒಳಗಿನ ಅತಿ ಚಿಕ್ಕ ಎಲುಬೊಂದು ಗಟ್ಟಿಯಾಗಿ ಅಲುಗದೆ ನಿಂತಿದೆ; ನರ ಸರಿಯಾಗಿದೆ. ಹಾಗಾಗಿ ತಲೆಯ ಎಲುಬಿನ ಮೂಲಕ ಬಂದ ಸದ್ದು ಈಗಲೂ ಕೇಳುತ್ತದೆ, ಇಯರ್‌ಫೋನಿನಲ್ಲಿ ತುಂಬ ಜೋರು ಮಾಡಿದರೂ ಕೇಳುತ್ತದೆ. ಎರಡು ದಾರಿಗಳಿದ್ದವು: ಕಿವಿಗೆ ಮೆಷಿನ್, ಇಲ್ಲವೆ ಆಪರೇಶನ್. ಮೆಷಿನನ್ನು ತ್ಯಾಂಪಣ್ಣ ಅಲ್ಲಿಯೇ ಬೇಡ ಎಂದರು. ಸದ್ದಿನ ರಿಪೇರಿ ಮಾಡುವವನ ಕಿವಿಯಲ್ಲಿ ಮೆಷಿನ್ ಕಂಡರೆ ಗಿಟಾರು ಕೊಡಲು ಬಂದವರು ಮೆಟ್ಟಿಲಿನಿಂದಲೇ ತಿರುಗುತ್ತಾರೆ ಎಂಬುದು ಅವರ ಲೆಕ್ಕ. ಆಪರೇಶನ್‌ಗೆ ಒಪ್ಪಿದರು. ಒಂದು ರಾತ್ರಿ ಉಳಿಯಬೇಕು ಎಂದು ಹೇಳಿ ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು.

ಆ ಫಾರಂ ಎಂಟು ತಿಂಗಳಿಂದ ಮೇಜಿನ ಡ್ರಾವರಿನಲ್ಲಿತ್ತು. ಹೆಸರು, ವಯಸ್ಸು, ವಿಳಾಸ, ಸಕ್ಕರೆ ಕಾಯಿಲೆ ಇದೆಯೇ ಇಲ್ಲವೇ, ಎಲ್ಲವನ್ನೂ ಅವರು ನೀಲಿ ಪೆನ್ನಿನಲ್ಲಿ ತುಂಬಿದ್ದರು. ಕೊನೆಯ ಮೂರು ಗೆರೆ ಖಾಲಿ. ಜೊತೆಗೆ ಇರುವವರ ಹೆಸರು. ಸಂಬಂಧ. ಫೋನ್ ನಂಬರ್. ಅದಿಲ್ಲದೆ ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ. ಆಪರೇಶನ್ ತಡವಾದಷ್ಟೂ ಕಷ್ಟ ಎಂದು ವೈದ್ಯರು ಹೇಳಿದ್ದರು. ಬರೆಯಲು ಒಂದು ಹೆಸರು ಸಿಗದೆ ತ್ಯಾಂಪಣ್ಣನ ಕಿವಿ ಹಾಗೆಯೇ ಇತ್ತು, ಕೆಲಸವನ್ನು ಕಡ್ಡಿ ನಡೆಸುತ್ತಿತ್ತು.

ಅಂಗಡಿಯ ಎಡಬದಿಯ ಗೋಡೆ ಬರೀ ಹಲಗೆಯದು. ಆಚೆಗೆ ಉಸ್ಮಾನ್ ಅವರ ಅಂಗಡಿ. ಕೊಡೆ, ಬ್ಯಾಗಿನ ಜಿಪ್, ಶಾಲಾ ಚೀಲಗಳ ಹೊಲಿಗೆ. ಹತ್ತೊಂಬತ್ತು ವರ್ಷದ ನೆರೆಕರೆ. ಒಂದು ಕಾಲದಲ್ಲಿ ಇಬ್ಬರೂ ಸಂಜೆ ಕೆಳಗಿನ ಹೋಟೆಲಿಗೆ ಒಟ್ಟಿಗೆ ಚಾ ಕುಡಿಯಲು ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅದು ನಿಂತಿತು. ತ್ಯಾಂಪಣ್ಣನ ಪ್ರಕಾರ ಕಾರಣ ಸರಳ: ಉಸ್ಮಾನ್ ಹಲಗೆಗೆ ಬಡಿಯಲು ಶುರು ಮಾಡಿದರು. ದಿನಕ್ಕೆ ಐದು ಸಲ, ಆರು ಸಲ, ಗುದ್ದಿದ ಹಾಗೆ. ಶೆಲ್ಫು ಅದುರುತ್ತಿತ್ತು. ಸ್ಪೀಕರ್ ಪರೀಕ್ಷೆ ಮಾಡುವ ಸದ್ದು ಆಚೆಯವರಿಗೆ ಆಗುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳದೆ ಹೀಗೆ ಬಡಿಯುತ್ತಾರೆ ಎಂದು ತ್ಯಾಂಪಣ್ಣ ತಿಳಿದುಕೊಂಡರು. ಕೇಳಲು ಹೋಗಲಿಲ್ಲ. ಬಡಿದಾಗಲೆಲ್ಲ ಸಿಟ್ಟಿನಿಂದ ತಲೆ ಎತ್ತುತ್ತಿದ್ದರು. ತಲೆ ಎತ್ತಿದಾಗ ಎದುರಿಗೆ ಯಾರಾದರೂ ಗಿರಾಕಿ ನಿಂತಿರುತ್ತಿದ್ದರು. ಆ ಎರಡು ಸಂಗತಿಗಳನ್ನು ಅವರು ಜೋಡಿಸಿ ನೋಡಲಿಲ್ಲ.

ದುಗ್ಗಪ್ಪ ಕೂತಿದ್ದ ದಿನ ಮೇಜಿನ ಮೇಲಿದ್ದ ಗಿಟಾರು ಸವಣೂರಿನ ಗಾನಶ್ರೀ ಅವರದು. ಅವರು ಖಾಸಗಿ ಶಾಲೆಯೊಂದರ ಸಂಗೀತ ಟೀಚರು. ಭಾನುವಾರ ಪುತ್ತೂರಿನ ಒಂದು ಸಭಾಭವನದಲ್ಲಿ ಅವರ ಮಕ್ಕಳ ಹಾಡಿನ ಕಾರ್ಯಕ್ರಮ ಇತ್ತು. ನಲವತ್ತು ಮಕ್ಕಳ ಸ್ವರದ ನಡುವೆ ಗಿಟಾರು ಕೇಳಬೇಕಿತ್ತು. ಕಡ್ಡಿ ಹಿಡಿಯಲಾಗದ ಆ ಬೆಳಿಗ್ಗೆ ತ್ಯಾಂಪಣ್ಣ ಅಂದಾಜಿನಲ್ಲಿ ಬಿಲ್ಲೆ ಕೂರಿಸಿದರು. ಹೆಡ್‌ಫೋನ್ ಹಾಕಿ, ಹಲಗೆಯನ್ನು ಬೆರಳಿನಿಂದ ತಟ್ಟಿ, ಮೂರೂ ಬಿಲ್ಲೆ ಕೆಲಸ ಮಾಡುತ್ತಿವೆ ಎಂದು ಖಚಿತ ಮಾಡಿಕೊಂಡರು. ಪಕ್ಕದಲ್ಲಿ ದುಗ್ಗಪ್ಪ ಏನೋ ಕೇಳುತ್ತಲೇ ಇದ್ದರು. ಉತ್ತರ ಕೊಡದಿದ್ದರೆ ಸಂಶಯ ಬರುತ್ತದೆ ಎಂದು ತ್ಯಾಂಪಣ್ಣ ಹೆಡ್‌ಫೋನ್ ಬೇಗ ತೆಗೆದರು. ತಂತಿಗಳನ್ನು ಒಂದೊಂದಾಗಿ ಜೋರಾಗಿ ಮೀಟಿ ನೋಡಲಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಗಾನಶ್ರೀ ಗಿಟಾರು ವಾಪಸ್ ತಂದರು. ಗೋಡೆಯ ಹಲಗೆಗೆ ಗುದ್ದಿದ ಅದುರಿಗೆ ತ್ಯಾಂಪಣ್ಣ ತಲೆ ಎತ್ತಿದಾಗ ಅವರು ಎದುರಿಗಿದ್ದರು. ದಪ್ಪ ತಂತಿ ಮೀಟಿದರೆ ಒಳಗಿನಿಂದ ಜೀರುಂಡೆ ಕೂತ ಹಾಗೆ ಸದ್ದು ಬರುತ್ತದೆ, ಸ್ಪೀಕರಿನಲ್ಲಿ ಅದೇ ದೊಡ್ಡದಾಗಿ ಕೇಳುತ್ತದೆ ಎಂಬುದು ದೂರು. ಅಂಗಡಿಯ ಸ್ಪೀಕರಿಗೆ ಜೋಡಿಸಿ ಮೀಟಿ ತೋರಿಸಿದರು. ತ್ಯಾಂಪಣ್ಣ ಗಾನಶ್ರೀಯ ತುಟಿ ನೋಡಿ ವಿಷಯ ಅರ್ಥ ಮಾಡಿಕೊಂಡರು. ಸ್ಪೀಕರಿನಿಂದ ಬಂದದ್ದು ಅವರಿಗೆ ಬರೀ ಗುಂಯ್ ಎಂಬ ಒಂದು ತೆಳು ಸದ್ದು. ಹಾಗೆ ಏನಿಲ್ಲ, ಹೊಸ ತಂತಿ ಹಾಕಿದ್ದೀರಿ, ನಾಲ್ಕು ದಿನದಲ್ಲಿ ಕೂರುತ್ತದೆ ಎಂದರು. ಗಾನಶ್ರೀ ಮತ್ತೆ ಮೀಟಿದರು. ತ್ಯಾಂಪಣ್ಣ ಇಲ್ಲ ಎಂದರು. ಮೂರನೆಯ ಸಲಕ್ಕೆ ಗಾನಶ್ರೀ ಗಿಟಾರನ್ನು ಮೇಜಿನ ಮೇಲಿಟ್ಟು, ಇವತ್ತು ಸರಿಯಾಗದಿದ್ದರೆ ಮಂಗಳೂರಿಗೆ ಕಳಿಸುತ್ತೇನೆ, ಅಲ್ಲಿಯವರೇ ಪಿಕಪ್ ಕಿತ್ತು ಹಾಕಲಿ ಎಂದರು. ಇದು ತ್ಯಾಂಪಣ್ಣನಿಗೆ ತುಟಿ ನೋಡಿಯೇ ಪೂರ್ತಿ ಅರ್ಥವಾಯಿತು. ಅವರು ಬೆನ್ನು ತಿರುಗಿಸಿ ಕೂತು, ಗಿಟಾರನ್ನು ಪರೀಕ್ಷೆಯ ಪೆಟ್ಟಿಗೆಗೆ ಜೋಡಿಸಿ, ಹೆಡ್‌ಫೋನ್ ಹಾಕಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರು.

ಆ ಜೋರಿನಲ್ಲಿ ಗಿಟಾರಿನ ಹಲಗೆ ಸಣ್ಣ ಮಟ್ಟಿಗೆ ಮೈಕಿನ ಕೆಲಸವನ್ನೂ ಮಾಡುತ್ತದೆ. ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಮರ ನಡುಗುತ್ತದೆ, ಬಿಲ್ಲೆ ಅದನ್ನೂ ಹಿಡಿಯುತ್ತದೆ. ತ್ಯಾಂಪಣ್ಣನಿಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ಅವರ ಬೆನ್ನ ಹಿಂದೆ ಯಾರೂ ಮಾತಾಡುವ ಪದ್ಧತಿ ಇರಲಿಲ್ಲ. ಮಾತಾಡುವಷ್ಟು ಜನ ಅಲ್ಲಿ ಇರುತ್ತಿರಲಿಲ್ಲ. ಅವತ್ತು ಸ್ವರ ಏರಿದ್ದು ಕೇಳಿ ಉಸ್ಮಾನ್ ಬಾಗಿಲಿಗೆ ಬಂದಿದ್ದರು. ತಂತಿಗೆ ಕೈ ಹಾಕುವ ಮೊದಲೇ ತ್ಯಾಂಪಣ್ಣನಿಗೆ ಡಬ್ಬದೊಳಗಿನಿಂದ ಬಂದ ಹಾಗೆ ಎರಡು ಸ್ವರಗಳು ಕೇಳಿದವು.

“ಇವರಿಗೆ ಎಂತ ದೊಡ್ಡಸ್ತಿಕೆ ಮಾರಾಯ್ರೆ. ಮೂರು ಸಲ ಬಾರಿಸಿ ತೋರಿಸಿದೆ. ಇಲ್ಲ ಅಂದ್ರೆ ಇಲ್ಲವೇ.”

“ದೊಡ್ಡಸ್ತಿಕೆ ಅಲ್ಲ ಟೀಚರೆ. ಅವರಿಗೆ ಕೇಳುದಿಲ್ಲ.”

“ಎಂತ ಕೇಳುದಿಲ್ಲ?”

“ಕಿವಿ. ಒಂದು ದಿವಸ ಚಾಕ್ಕೆ ಬನ್ನಿ ಅಂತ ಹಿಂದಿನಿಂದ ನಾಲ್ಕು ಸಲ ಕರೆದೆ, ತಿರುಗಲಿಲ್ಲ. ಆಗ ಗೊತ್ತಾಯ್ತು. ಬಾಯಿಬಿಟ್ಟು ಹೇಳಿದ್ರೆ ಅವರ ಕೆಲಸ ಹೋಗ್ತದೆ. ಅದಕ್ಕೆ ಯಾರಾದ್ರು ಬಂದ್ರೆ ನಾನು ಹಲಗೆಗೆ ಗುದ್ದುದು. ಅದು ಮೇಜಿನಲ್ಲಿ ಅವರ ಕೈಗೆ ಗೊತ್ತಾಗ್ತದೆ. ಜಗಳಕ್ಕೆ ಗುದ್ದುದು ಅಂತ ಅವರು ಗ್ರಹಿಸಿದ್ದಾರೆ. ಗ್ರಹಿಸಲಿ, ತಲೆ ಎತ್ತುತ್ತಾರಲ್ಲ, ಸಾಕು.”

ತ್ಯಾಂಪಣ್ಣ ತಿರುಗಲಿಲ್ಲ. ಮನುಷ್ಯರ ಮಾತು ಅಷ್ಟು ಸ್ಪಷ್ಟವಾಗಿ ಕೇಳಿ ಎರಡು ವರ್ಷವಾಗಿತ್ತು ಎಂದು ಆಮೇಲೆ ಅವರೇ ಇಬ್ಬರಿಗೂ ಹೇಳಿದರು. ಏನು ಹೇಳಿದ್ದಾರೆ ಎಂಬುದಕ್ಕಿಂತ ಮೊದಲು ತಲೆಗೆ ಹೋದದ್ದು, ಉಸ್ಮಾನ್ ಅವರ ಸ್ವರ ಮೊದಲಿಗಿಂತ ಒಡೆದಿದೆ ಎಂಬುದು.

ದಪ್ಪ ತಂತಿಯನ್ನು ಒಂದು ಸಲ ಮೀಟಿದರು. ಟೀಚರು ಹೇಳಿದ ಸದ್ದು ಇತ್ತು. ಇದೆ ಎಂದು ಹೆಡ್‌ಫೋನ್ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಅವರು ಹೆಡ್‌ಫೋನ್ ತೆಗೆದು, ಪೆನ್ನಿನ ಡಬ್ಬದಿಂದ ಬಿದಿರಿನ ಕಡ್ಡಿ ತೆಗೆದುಕೊಂಡು, ಇಬ್ಬರ ಕಡೆಗೆ ತಿರುಗಿದರು.

“ದಪ್ಪ ತಂತಿ ಒಮ್ಮೆ ಹೊಡೀರಿ ಟೀಚರೆ. ನನಗೆ ಹಲ್ಲಿನಲ್ಲಿ ಕೇಳ್ತದೆ.”

ಗಾನಶ್ರೀ ಮೀಟುತ್ತ ಹೋದರು. ತ್ಯಾಂಪಣ್ಣ ಕಡ್ಡಿ ಕಚ್ಚಿ ಹಲಗೆಯ ಮೇಲೆ ಬ್ರಿಜ್ಜಿನಿಂದ ಬುಡದ ಕಡೆಗೆ ಒಂದೊಂದೇ ಬೆರಳು ಸರಿದರು. ಐದನೆಯ ಜಾಗದಲ್ಲಿ ನಿಂತು ಕೈ ಎತ್ತಿದರು. ಹೊಟ್ಟೆಯ ತೂತಿನಿಂದ ಸಣ್ಣ ಕನ್ನಡಿ ಮತ್ತು ಟಾರ್ಚು ಇಳಿಸಿ ನೋಡಿದಾಗ ಒಂದು ಅಡ್ಡಪಟ್ಟಿಯ ತುದಿ ಹಲಗೆಯಿಂದ ಬಿಟ್ಟಿತ್ತು. ಪೋಸ್ಟ್ ಕಾರ್ಡು ಹೋಗುವಷ್ಟು ಸಂದು. ಬಿಲ್ಲೆಯದು ತಪ್ಪಿರಲಿಲ್ಲ. ಆದರೆ ಬಿಲ್ಲೆ ಹಾಕುವ ಮೊದಲು ಅದನ್ನು ಹಿಡಿಯಬೇಕಿತ್ತು, ಹಿಡಿಯದ್ದು ತನ್ನ ತಪ್ಪು ಎಂದು ತ್ಯಾಂಪಣ್ಣ ಹೇಳಿದರು. ಗೋಂದು ಹೀಗೆ ಬಿಡಬೇಕಾದರೆ ಗಿಟಾರಿಗೆ ಜೋರು ಬಿಸಿ ತಾಗಿರಬೇಕು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಟ್ಟಿದ್ದಿರಾ ಎಂದು ಕೇಳಿದರು.

ಗಾನಶ್ರೀ ತಲೆ ಅಲ್ಲಾಡಿಸಿದರು.

“ಕಾರಲ್ಲಿ ಅಲ್ಲ. ಅಡಿಕೆ ಗೂಡಲ್ಲಿ. ಆಟಿ ತಿಂಗಳ ಮಳೆಗೆ ಬೂಸ್ಟು ಬಂದಿತ್ತು. ಬಿಸಿಲು ಬಂದ ಎರಡು ದಿವಸ ಅಮ್ಮ ಗೂಡಲ್ಲಿ ಮಲಗಿಸಿ ಬಿಟ್ಟಿದ್ದಾರೆ. ನನಗೆ ಹೇಳಿದ್ದು ಆಮೇಲೆ.”

ಅಡಿಕೆ ಒಣಗಿಸಲು ಅಂಗಳದಲ್ಲಿ ಕಮಾನಿನಂತೆ ಕಟ್ಟುವ ಪ್ಲಾಸ್ಟಿಕ್ಕಿನ ಗೂಡು ಅದು. ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ. ಬಿಸಿಲು ಬಿದ್ದರೆ ಒಳಗೆ ಕಾಲಿಡಲಾಗದಷ್ಟು ಸೆಕೆ. ಬೂಸ್ಟು ಹಿಡಿದ ಚಾಪೆ, ಹಾಸಿಗೆ, ಚಪ್ಪಲಿ ಎಲ್ಲವನ್ನೂ ಈ ಕಡೆ ಅದರಲ್ಲೇ ಒಣಗಿಸುತ್ತಾರೆ. ಗಾನಶ್ರೀಯ ತಾಯಿ ಶಂಕರಿ ಅವರಿಗೆ ಗಿಟಾರು ಬೇರೆಯೆಂದು ಅನಿಸಿರಲಿಲ್ಲ.

“ಇನ್ನೆರಡು ದಿವಸ ಇಟ್ಟಿದ್ರೆ ಅಡಿಕೆ ಹಾಗೆ ಸುಲಿಯಬಹುದಿತ್ತು” ಎಂದರು ಉಸ್ಮಾನ್. ಗಾನಶ್ರೀ ನಕ್ಕರು. ತ್ಯಾಂಪಣ್ಣನಿಗೆ ಆ ಮಾತು ಕೇಳಲಿಲ್ಲ. ಇಬ್ಬರ ಮುಖ ನೋಡಿ, ಎಂತದ್ದು ಎಂದು ಕೇಳಿದರು. ಗಿರಾಕಿಯ ಎದುರು ಅವರು ಹಾಗೆ ಕೇಳಿದ್ದು ಅದೇ ಮೊದಲು. ಉಸ್ಮಾನ್ ಹತ್ತಿರ ಬಂದು ಇನ್ನೊಮ್ಮೆ ಜೋರಾಗಿ ಹೇಳಿದರು. ಎರಡನೆಯ ಸಲ ಹೇಳಿದ ತಮಾಷೆಗೆ ಇರುವಷ್ಟೇ ನಗು ಬಂತು.

ಸಂದಿಗೆ ಗೋಂದು ಹೋಗುವಂತೆ ತೆಳು ಬ್ಲೇಡಿನಲ್ಲಿ ಹಚ್ಚಿ, ಒಳಗಿನಿಂದ ಕ್ಲಾಂಪು ಬಿಗಿದು, ಗಿಟಾರನ್ನು ಎರಡು ದಿನ ಕಂಬಳಿಯ ಮೇಲೆ ಬಿಟ್ಟರು. ಶನಿವಾರ ಗಾನಶ್ರೀ ಒಯ್ದರು. ಜೀರುಂಡೆಯ ಸದ್ದು ಇರಲಿಲ್ಲ. ಭಾನುವಾರ ಬರಬೇಕು ಎಂದು ಅವರು ತ್ಯಾಂಪಣ್ಣನ ಎದುರಿಗೆ ನಿಂತು, ತುಟಿ ಕಾಣುವ ಹಾಗೆ, ನಿಧಾನಕ್ಕೆ ಹೇಳಿದರು. ಆ ನಿಧಾನ ತ್ಯಾಂಪಣ್ಣನಿಗೆ ಹಿಡಿಸಲಿಲ್ಲ. ಆದರೂ ಹೋದರು.

ಸಭಾಭವನದಲ್ಲಿ ಕೊನೆಯ ಸಾಲಿನಲ್ಲಿ ಕೂತರು. ಮಕ್ಕಳ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಗಾನಶ್ರೀಯ ಬಲಗೈ ಓಡಾಡುತ್ತಿತ್ತು. ಗಿಟಾರಿನ ಬುಡದಿಂದ ಕಪ್ಪು ವಯರು ಇಳಿದು ವೇದಿಕೆಯ ಬದಿಗೆ ಹೋಗಿತ್ತು. ಮುಂದಿನ ಸಾಲಿನ ಕುರ್ಚಿಯ ಬೆನ್ನಿಗೆ ತ್ಯಾಂಪಣ್ಣ ಅಂಗೈ ಇಟ್ಟು ನೋಡಿದರು. ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಏನೂ ಬರಲಿಲ್ಲ. ಜನ ಚಪ್ಪಾಳೆ ಹೊಡೆದಾಗ ಅವರೂ ಹೊಡೆದರು. ಎರಡು ಹಾಡು ಮುಗಿದ ಮೇಲೆ ಎದ್ದು ದರ್ಬೆಗೆ ನಡೆದುಕೊಂಡು ಬಂದರು.

ಸೋಮವಾರ ಬೆಳಿಗ್ಗೆ ಡ್ರಾವರಿನಿಂದ ಫಾರಂ ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋದರು. ನಾಲ್ಕು ವರ್ಷದಲ್ಲಿ ಆ ಹೊಸ್ತಿಲು ದಾಟಿರಲಿಲ್ಲ. ಉಸ್ಮಾನ್ ಒಂದು ಶಾಲಾ ಚೀಲಕ್ಕೆ ಜಿಪ್ ಹಾಕುತ್ತಿದ್ದರು. ತ್ಯಾಂಪಣ್ಣ ಫಾರಮನ್ನು ಹೊಲಿಗೆ ಮೆಷಿನಿನ ಮೇಲೆ ಇಟ್ಟು, ಕೊನೆಯ ಗೆರೆಗಳ ಮೇಲೆ ಬೆರಳಿಟ್ಟರು.

“ಇದರಲ್ಲಿ ಒಂದು ಹೆಸರು ಬೇಕು.”

ಉಸ್ಮಾನ್ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಜನವರಿಯ ತಾರೀಕನ್ನು ಎರಡು ಸಲ ಓದಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ತಿರುಗಿಸಿ ನೋಡಿದರು. ಅವರ ಮಗ ಮಶೂದ್ ಕಬಕದಲ್ಲಿ ಹೊಸ ಅಂಗಡಿ ಹಾಕುತ್ತಿದ್ದಾನೆ. ಅದರ ಕೆಲಸ ಬಿಟ್ಟು ಎರಡು ದಿನ ಹೋಗಲಾಗುವುದಿಲ್ಲ. ಒಂದು ದಿನ ಮತ್ತು ಆ ರಾತ್ರಿ ಆಗುತ್ತದೆ, ಮರುದಿನ ಬೆಳಿಗ್ಗೆಯ ಬಸ್ಸಿಗೆ ತಾನು ಹೊರಡಲೇಬೇಕು ಎಂದು ಜೋರಾಗಿ ಹೇಳಿದರು. ತ್ಯಾಂಪಣ್ಣ ಅಷ್ಟು ಸಾಕು ಎಂದರು.

ಹೆಸರು ಮತ್ತು ನಂಬರನ್ನು ಉಸ್ಮಾನ್ ಅವರೇ ಬರೆದರು. ಸಂಬಂಧ ಎಂಬಲ್ಲಿ ಪೆನ್ನು ನಿಂತಿತು. ತ್ಯಾಂಪಣ್ಣ ಪೆನ್ನು ತೆಗೆದುಕೊಂಡು ‘ಪಕ್ಕದ ಅಂಗಡಿ’ ಎಂದು ಬರೆದರು.

“ಇನ್ನು ಹಲಗೆಗೆ ಗುದ್ದುದು ಬೇಡ ಅಲ್ವಾ?” ಎಂದು ಉಸ್ಮಾನ್ ಕೇಳಿದರು.

“ಬೇಕು. ಸ್ವಲ್ಪ ಮೆಲ್ಲ ಗುದ್ದಿ ಮಾರಾಯ್ರೆ. ಶೆಲ್ಫಿನಿಂದ ಸ್ಕ್ರೂ ಡಬ್ಬ ಬೀಳ್ತದೆ.”

ಆಪರೇಶನ್ ಮುಂದಿನ ತಿಂಗಳು ಒಂಬತ್ತನೇ ತಾರೀಕಿಗೆ. ಮೊದಲು ಬಲಗಿವಿ, ಅದು ಸರಿಯಾದರೆ ಆರು ತಿಂಗಳ ಮೇಲೆ ಎಡಗಿವಿ. ಅಕ್ಕನಿಗೆ ತ್ಯಾಂಪಣ್ಣ ಇನ್ನೂ ತಿಳಿಸಿಲ್ಲ. ಹತ್ತರ ಬೆಳಿಗ್ಗೆ ಉಸ್ಮಾನ್ ಪುತ್ತೂರಿಗೆ ಹೊರಡುತ್ತಾರೆ. ತ್ಯಾಂಪಣ್ಣನನ್ನು ಆಸ್ಪತ್ರೆಯಿಂದ ಮಧ್ಯಾಹ್ನ ಬಿಡುತ್ತಾರೆ, ಅವರು ಒಬ್ಬರೇ ಬರುತ್ತಾರೆ. ಕಿವಿಯೊಳಗಿನ ಹತ್ತಿ ತೆಗೆಯುವುದು ಒಂದು ವಾರದ ಮೇಲೆ. ಅಲ್ಲಿಯವರೆಗೆ ಅಂಗಡಿಯ ಶಟರು ಮುಚ್ಚಿರುತ್ತದೆ.